ಶೇವಂತೆಯ ಬೆನ್ನಿನ ಬಿಳಿ ಮಚ್ಚೆ

ಮಾಥೇರಾನ್ ಗಿರಿಧಾಮದ ಕುದುರೆಯವರಲ್ಲಿ ಧೊಂಡೂ ಆಖಾಡೆ ಎಂಬವನಿಗೆ ಇದ್ದ ಜಂಬ ಒಂದೇ ಒಂದು. ಮೂವತ್ತನಾಲ್ಕು ವರ್ಷಗಳಲ್ಲಿ ಅವನ ಕುದುರೆಯ ಮೇಲಿಂದ ಒಂದು ನರಪಿಳ್ಳೆಯೂ ಕೆಳಗೆ ಬಿದ್ದಿರಲಿಲ್ಲ. ಬಂದ ಮೋಟಾರುಗಳೆಲ್ಲ ಊರ ಹೊರಗಿನ ದಸ್ತೂರಿಯ ಬಯಲಿನಲ್ಲೇ ನಿಲ್ಲಬೇಕು; ಅಲ್ಲಿಂದ ಮುಂದೆ ಸ್ವಂತ ಕಾಲು, ಕೈಗಾಡಿ, ಇಲ್ಲವೇ ಕುದುರೆ. ಜನ್ಮದಲ್ಲಿ ಕುದುರೆಯ ಬಾಲ ಮುಟ್ಟದವರೂ ಅಲ್ಲಿ ಜೀನು ಏರುತ್ತಾರೆ. ಏರಿದ ಮೇಲೆ ಕೆಲವರು ಕಣ್ಣು ಮುಚ್ಚುತ್ತಾರೆ, ಕೆಲವರು ದೇವರ ಹೆಸರು ಹೇಳುತ್ತಾರೆ, ಕೆಲವರು ಕರೆದುಕೊಂಡು ಬಂದ ಗಂಡನನ್ನು ಬೈಯುತ್ತಾರೆ. ಅಂಥವರನ್ನೆಲ್ಲ ಉಳಿದ ಕುದುರೆಯವರು ಧೊಂಡೂನ ಕಡೆ ತಳ್ಳಿಬಿಡುತ್ತಿದ್ದರು.

ಧೊಂಡೂ ಅವರ ಕೈಯೆತ್ತಿ ತನ್ನ ಬಲಹೆಗಲ ಮೇಲೆ ಇಟ್ಟುಕೊಳ್ಳುತ್ತಿದ್ದ. "ಹೆಗಲ ಹಿಡೀರಿ ಅಕ್ಕಾರ. ಅಂಜಬ್ಯಾಡ್ರಿ, ನಾ ಅದೀನಿ." ಹಾಗೆಂದು ಲಗಾಮು ಹಿಡಿದು, ಕುದುರೆಯ ಎಡಕ್ಕೆ ಅದರ ಮೈಗೆ ಮೈ ತಾಗಿಸಿಕೊಂಡು, ಕೆಂಪು ಮಣ್ಣಿನ ದಾರಿಯಲ್ಲಿ ಮಾತಾಡುತ್ತ ನಡೆದನೆಂದರೆ ನೂರು ಹೆಜ್ಜೆಗೆ ಅಳು ನಿಲ್ಲುತ್ತಿತ್ತು, ಇನ್ನೂರು ಹೆಜ್ಜೆಗೆ ಕೂತವರೇ ಮಂಗಗಳನ್ನು ತೋರಿಸಿ ನಗುತ್ತಿದ್ದರು. ಹೆಗಲ ಮೇಲಿನ ಕೈ ಮಾತ್ರ ಇಳಿಯುವವರೆಗೂ ಅಲ್ಲೇ ಇರುತ್ತಿತ್ತು.

ಉಳಿದವರು ದಾರಿಯ ಏರುಪೇರು ನೋಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನಡೆಯುತ್ತಾರೆ. ಧೊಂಡೂ ಒಂದು ದಿನವೂ ಬಾಜು ಬದಲಿಸಿದವನಲ್ಲ. ಲಾಳ ಕಟ್ಟುವ ಯೂಸುಫ್ ಅವನ ಬಾಲ್ಯದ ಗೆಳೆಯ; ಇವನನ್ನು ಕೆಣಕದೆ ಅವನಿಗೆ ಬೆಳಗಿನ ಚಹಾ ಇಳಿಯುತ್ತಿರಲಿಲ್ಲ. "ಏ ಧೊಂಡ್ಯಾ, ಬಲಗಡೆ ನಿನ್ನ ಅತ್ತಿ ಕುಂತಾಳೇನೋ? ಆ ಕಡೆ ಹಾಯಂಗಿಲ್ಲಲ್ಲ!"

ಬಲಗಡೆ ಅತ್ತೆ ಕೂತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನ ಮಳೆಗಾಲದಲ್ಲಿ ಕಿವಿ ಸೋರಿ ಸೋರಿ ಧೊಂಡೂನ ಎಡಗಿವಿ ಪೂರ್ತಿ ಸತ್ತುಹೋಗಿತ್ತು. ಕುದುರೆಯ ಎಡಕ್ಕೆ ನಡೆದರೆ ಕುದುರೆ, ಮೇಲೆ ಕೂತವರು, ಇಬ್ಬರೂ ಬಲಗಿವಿಗೆ ಸಿಗುತ್ತಾರೆ. ಬಲಕ್ಕೆ ನಡೆದರೆ ಇಬ್ಬರೂ ಇಲ್ಲ. ಕುದುರೆಯವರ ಸಂಘ ಕೊಡುವ ಹಿತ್ತಾಳೆಯ ಬಿಲ್ಲೆ ಬೇಕಾದರೆ ಕಣ್ಣು, ಕಿವಿ, ಕಾಲು ನೆಟ್ಟಗಿರಬೇಕು, ತಿರುವಿನಲ್ಲಿ ಎದುರಿನವರು ಪಕ್ಕಕ್ಕೆ ಸರಿಯಲು "ಬಾಜೂ!" ಎಂದು ಕೂಗಿದ್ದು ಕೇಳಬೇಕು. ಬಿಲ್ಲೆ ಹೋದರೆ ಕುದುರೆಯವನು ಬರೀ ದಾರಿಹೋಕ. ಅದಕ್ಕೇ ಧೊಂಡೂ ಸಂಘದ ಮೇಜಿನ ಮುಂದೆ ಬಲಗೆನ್ನೆ ತಿರುಗಿಸಿ ನಿಂತ, ಮದುವೆಯ ಮಾತುಕತೆಗೆ ಬಂದವರ ಮುಂದೆ ಬಲಗೆನ್ನೆ ತಿರುಗಿಸಿ ಕೂತ. ಈ ಸಂಗತಿ ಭೂಮಿಯ ಮೇಲೆ ತನ್ನೊಬ್ಬನಿಗೇ ಗೊತ್ತು ಎಂದುಕೊಂಡೇ ಐವತ್ತಾರು ವರ್ಷದವನಾದ.

ಜಂಬ ಒಂದೇ ಎಂದೆ. ನಿಜ ಹೇಳಬೇಕೆಂದರೆ ಇನ್ನೊಂದೂ ಇತ್ತು. ಅದನ್ನು ಅವನು ಜಂಬ ಎನ್ನುತ್ತಿರಲಿಲ್ಲ, ಭಾಗ್ಯ ಎನ್ನುತ್ತಿದ್ದ. ಅವನ ಕುದುರೆಗಳಿಗೆಲ್ಲ ಮೂರು ನಾಲ್ಕು ವರ್ಷ ಆಗುತ್ತಲೇ ಬೆನ್ನಿನ ಎಡಕ್ಕೆ, ಹೆಗಲಿಗಿಂತ ಒಂದು ಗೇಣು ಹಿಂದೆ, ಒಂದು ಬಿಳಿ ಮಚ್ಚೆ ಮೂಡುತ್ತಿತ್ತು. ಮೊದಲನೆಯ ಹೀರಾಳಿಗೆ ಮೂಡಿತು. ಆಮೇಲಿನ ಮಂಜುಳೆಗೂ ಅದೇ ಜಾಗದಲ್ಲಿ ಮೂಡಿತು. ಈಗಿನ ಕಂದು ಕುದುರೆ ಶೇವಂತೆಗೂ ಹೆಬ್ಬೆರಳು ಒತ್ತಿದ ಹಾಗೆ ಮೂಡಿದಾಗ ಧೊಂಡೂಗೆ ಸಂಶಯವೇ ಉಳಿಯಲಿಲ್ಲ. ಅವನ ಧನಗರ ಕುಲದ ದೇವರು ಖಂಡೋಬಾ ಸ್ವತಃ ಕುದುರೆ ಏರಿದವನು; ಅವನು ಬೆರಳಿಟ್ಟು ಇದು ನನ್ನದು ಎಂದಿದ್ದಾನೆ. ಧೊಂಡೂ ಪ್ರತಿ ರವಿವಾರ ಆ ಮಚ್ಚೆಗೆ ಭಂಡಾರದ ಅರಿಶಿನ ಹಚ್ಚಿ, ಹಣೆ ತಾಗಿಸಿ, ಆಮೇಲೆ ಜೀನು ಬಿಗಿಯುತ್ತಿದ್ದ. ಬೇರೆ ಕುದುರೆಯವರು ಕೂಡ ಹಾದುಹೋಗುವಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿದು, ಕೆಳಗಿನ ಊರುಗಳಲ್ಲಿ ಮೇಯಲು ಬಿಟ್ಟ ಕುದುರೆಗಳು ಗುಡ್ಡ ಹತ್ತಿ ಬಂದು, ನವರಾತ್ರಿಯ ಜನ ಶುರುವಾದಾಗ ಶೇವಂತೆಯ ಸ್ವಭಾವ ಕೆಟ್ಟಿತು. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಧೊಂಡೂನ ತೋಳಿಗೇ ಬಾಯಿ ಹಾಕಿದಳು. ಜೀನು ಹೊತ್ತು ಬರುವುದು ಕಂಡರೆ ಗೂಟದ ಸುತ್ತ ತಿರುಗತೊಡಗಿದಳು. ಇಳಿಜಾರು ಬಂದರೆ ಹೆಜ್ಜೆ ಮೊಟಕು ಮಾಡಿ, ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವವಳ ಹಾಗೆ ನಡೆದಳು. ಅವಳಿಗೆ ಹನ್ನೆರಡು ವರ್ಷ. ಮರಿಯಾಗಿ ಬಂದ ದಿನದಿಂದ ಧೊಂಡೂನ ಕೈಯಲ್ಲಿ ಬೆಲ್ಲ ತಿಂದವಳು. ಅವಳು ಕಚ್ಚಿದ್ದು ಅವನ ತೋಳಿಗಲ್ಲ, ಎದೆಗೆ ತಾಗಿತು.

ಆಮೇಲೆ ನಾಸಿಕದ ಹೆಂಗಸೊಬ್ಬಳು ರಿಕಾಪಿನಲ್ಲಿ ಕಾಲಿಟ್ಟು ಮೇಲೇರುವಾಗ ಶೇವಂತೆ ಬೆನ್ನನ್ನು ಕೆಳಕ್ಕೆ ತಗ್ಗಿಸಿ ಸರಕ್ಕನೆ ಪಕ್ಕಕ್ಕೆ ಸರಿದಳು. ಧೊಂಡೂನ ಹೆಗಲು ಇಲ್ಲದಿದ್ದರೆ ಆ ಹೆಂಗಸಿನ ಸೊಂಟ ಮುರಿಯುತ್ತಿತ್ತು. ಅವಳ ಗಂಡ ಊರೆಲ್ಲ ಕೇಳುವಂತೆ ಕೂಗಾಡಿದ. ಸಂಘದ ಹಿರಿಯ ನಾರೂ ಕೋಕರೆ, ಎಲ್ಲರ ನಾರೂದಾದಾ, ಅಂದು ಸಂಜೆಯೇ ಮನೆಗೆ ಬಂದ.

"ಧೊಂಡೂ, ನೀ ನನ್ನ ತಮ್ಮ ಇದ್ದಂಗ. ಆದ್ರ ಕಚ್ಚೂ ಕುದುರಿ, ಮಂದೀನ ಕೆಡವೂ ಕುದುರಿ ಈ ಗುಡ್ಡದ ಮ್ಯಾಲ ಇರಂಗಿಲ್ಲ. ದೀಪಾವಳಿಗಿಂತ ಮೊದಲ ಕುದುರಿ ಡಾಕ್ಟರ್ ಶಿಬಿರ ಐತಿ. ಅಷ್ಟರಾಗ ಆಕಿ ನೆಟ್ಟಗಾಗಬೇಕು. ಇಲ್ಲಂದ್ರ ಕೆಳಗ ಕಳಸೂದ."

ಕೆಳಗೆ ಕಳಿಸುವುದೆಂದರೆ ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಇಟ್ಟಿಗೆಯ ಗಾಡಿಗಳಿವೆ. ಬೆನ್ನು ನೋಯುವ ಕುದುರೆಯನ್ನು ಅಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ, ಬಾರುಕೋಲಿನಿಂದ ಹೊಡೆಯುತ್ತಾರೆ.

ಧೊಂಡೂನ ಹೆಂಡತಿ ಠಕುಬಾಯಿ ಅರ್ಧ ಗುಡ್ಡದ ಕುದುರೆಗಳಿಗೆ ಜೀನಿನ ಕೆಳಗಿನ ಗಾದಿ ಹೊಲಿದುಕೊಡುವವಳು. ಕುರಿಯ ಉಣ್ಣೆ ತುಂಬಿ, ದಬ್ಬಳದಿಂದ ಹೊಲಿದು, ಮೊಣಕೈಯಿಂದ ಒತ್ತಿ ನೋಡುತ್ತಾಳೆ. ಶೇವಂತೆಯ ಗಾದಿ ಬಿಚ್ಚಿದಳು. ಬಲಭಾಗದ ಉಣ್ಣೆ ಇನ್ನೂ ಉಬ್ಬಿಕೊಂಡಿತ್ತು. ಎಡಭಾಗದ್ದು ಒಣಗಿದ ಸೆಗಣಿಯ ಹಾಗೆ ಗಟ್ಟಿಯಾಗಿ ಕೂತಿತ್ತು.

"ಈ ಗಾದಿ ಯಾವಾಗ್ಲೂ ಎಡಕ್ಕ ಸಾಯತೈತಿ ನೋಡ್ರಿ. ಹೀರಾಂದೂ ಹಿಂಗ, ಮಂಜುಳಾಂದೂ ಹಿಂಗ."

"ಅಲ್ಲಿ ದೇವರ ಬೆರಳ ಐತಿ. ದೇವರ ಭಾರ ಅದು."

"ದೇವರಾ ಅಷ್ಟ ದಪ್ಪ ಅದಾನೇನ್ರಿ?" ಎಂದಳು ಠಕುಬಾಯಿ. ಆದರೂ ಹೊಸ ಉಣ್ಣೆ ತುಂಬಿದಳು, ಎಡಕ್ಕೆ ಒಂದು ಹಿಡಿ ಹೆಚ್ಚಿಗೇ ತುಂಬಿದಳು.

ಎಂಟು ದಿನ ಜೀನು ಹಾಕಲಿಲ್ಲ. ಬಿಸಿ ಉಪ್ಪುನೀರಿನ ಬಟ್ಟೆ ಇಟ್ಟರು. ಶೇವಂತೆ ಹುರುಳಿ ತಿಂದು, ಧೊಂಡೂನ ಅಂಗಿಯ ಗುಂಡಿ ಜಗಿದು, ಮೊದಲಿನ ಹುಡುಗಿಯೇ ಆದಳು. ಒಂಬತ್ತನೆಯ ದಿನ ಹೊಸ ಗಾದಿ ಹಾಕಿ, ಇನ್ನೂ ಮೆತ್ತಗಿರಲಿ ಎಂದು ಮೇಲೊಂದು ಕಂಬಳಿ ಮಡಚಿ ಹಾಕಿ, ಕೆಲಸಕ್ಕೆ ಹಚ್ಚಿದ. ಮೂರೇ ದಿನ. ನಾಲ್ಕನೆಯ ಬೆಳಗ್ಗೆ ಜೀನು ಎತ್ತುವಷ್ಟರಲ್ಲಿ ಅವಳು ಕಿವಿ ಹಿಂದಕ್ಕೆ ಒತ್ತಿದಳು.

ಶಿಬಿರ ದಸ್ತೂರಿಯ ಬಯಲಿನಲ್ಲಿ. ಜೀನು ಹೊತ್ತೇ ಬೆವರುತ್ತ ಬಂದ ಶೇವಂತೆಯ ಜೀನನ್ನು ಧೊಂಡೂ ಅಲ್ಲೇ ಇಳಿಸಿದ. ಪುಣೆಯಿಂದ ಬಂದ ಡಾಕ್ಟರ್ ವೈಜಯಂತಿ ಓಕ ಕುಳ್ಳಗಿದ್ದಳು. ಮೊಣಕಾಲಿನ ತನಕ ರಬ್ಬರಿನ ಬೂಟು, ಕಿವಿಯ ಮೇಲೊಂದು ಪೆನ್ಸಿಲು. ಇಷ್ಟು ಚಿಕ್ಕ ಹುಡುಗಿ ಕುದುರೆಯ ಬೆನ್ನಿಗೆ ಕೈ ಹೇಗೆ ಮುಟ್ಟಿಸುತ್ತಾಳೆ ಎಂದು ಎಲ್ಲರೂ ಮುಸಿಮುಸಿ ನಗುತ್ತಿದ್ದಾಗ ಅವಳು ಒಂದು ಡಬ್ಬಿ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಳು. ಬೆನ್ನೆಲುಬಿನ ಬಲಕ್ಕೆ ಹೆಬ್ಬೆರಳು ಒತ್ತುತ್ತ ಹೆಗಲಿನಿಂದ ಸೊಂಟದವರೆಗೆ ಹೋದಳು. ಶೇವಂತೆ ಬಾಲ ಅಲ್ಲಾಡಿಸುತ್ತ ನಿಂತಿದ್ದಳು. ಆಮೇಲೆ ಎಡಕ್ಕೆ ಬಂದಳು. ಹೆಬ್ಬೆರಳು ಮಚ್ಚೆಯ ಹತ್ತಿರ ಬಂತೋ ಇಲ್ಲವೋ, ಶೇವಂತೆಯ ಬೆನ್ನು ಕುಸಿಯಿತು, ಹಲ್ಲು ಕಾಣಿಸಿತು.

"ಹೂಂ ತಾಯಿ, ಗೊತ್ತಾತು, ಗೊತ್ತಾತು," ಎಂದು ಡಾಕ್ಟರು ಕುದುರೆಗೇ ಹೇಳಿದಳು. ಆಮೇಲೆ ಧೊಂಡೂನ ಕಡೆ ತಿರುಗಿ, "ಕಾಕಾ, ಈಗ ಜೀನ ತಗದಾಗ ಬೆವರ ನೋಡಿದ್ರಿ? ಮೈಯೆಲ್ಲಾ ಹಸಿ, ಇಲ್ಲಿ ಮಾತ್ರ ಭಾಕರಿ ರೊಟ್ಟಿಯಷ್ಟ ಜಾಗಾ ಒಣಾ. ಭಾಳ ಒತ್ತಿದಲ್ಲಿ ಬೆವರೂ ಬರಂಗಿಲ್ಲ. ಅದಿರ್ಲಿ, ಈ ಅರಿಷಿಣ ಯಾರ ಹಚ್ಚ್ಯಾರ?"

"ನಾನ. ಅದು ಖಂಡೋಬಾನ ಬೆರಳ. ನನ್ನ ಎಲ್ಲಾ ಕುದುರಿಗೂ ಬಂದೈತಿ," ಎಂದ ಧೊಂಡೂ. ಸುತ್ತ ನಿಂತವರೂ ಹೌದು ಹೌದು ಎಂದು ತಲೆಯಾಡಿಸಿದರು.

ಡಾಕ್ಟರು ಡಬ್ಬಿಯಿಂದ ಇಳಿದಳು. ದನಿ ತಗ್ಗಿಸಿದಳು. "ದೇವರ ಕೂಡ ನಂದೇನೂ ತಕರಾರಿಲ್ಲ ಕಾಕಾ. ಆದ್ರ ಈ ಬಿಳಿ ಕೂದಲಾ ಜೀನ ಮಾಡಿದ್ದು. ಒಂದ ಜಾಗಾದಾಗ ವರ್ಷಗಟ್ಟಲೆ ಒತ್ತಿದ್ರ ತೊಗಲಿನೊಳಗ ಬಣ್ಣದ ಬೇರ ಸಾಯತಾವ. ಮುಂದ ಅಲ್ಲಿ ಹುಟ್ಟೂ ಕೂದಲಾ ಬಿಳೇನ. ಇದು ನೋವಿನ ಗುರುತು."

ಧೊಂಡೂಗೆ ಬೈಗುಳ ಬಂದಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗುತ್ತಿದ್ದ. ಬರಲಿಲ್ಲ. ಹೀರಾ ಕೊನೆಯ ವರ್ಷ ಜೀನು ಕಂಡರೆ ಮಲಗಿಬಿಡುತ್ತಿದ್ದುದು ನೆನಪಾಯಿತು. ಸೋಮಾರಿ ಎಂದು ನಕ್ಕಿದ್ದ. ಮಂಜುಳೆ ಹಲ್ಲು ಕಡಿಯುತ್ತಿದ್ದುದು ನೆನಪಾಯಿತು. ಪ್ರತಿ ರವಿವಾರ ಅರಿಶಿನ ಹಚ್ಚಿ ಹಣೆ ತಾಗಿಸಿದ್ದು, ಆಮೇಲೆ ಅದೇ ಜಾಗದ ಮೇಲೆ ಜೀನು ಬಿಗಿದದ್ದು ನೆನಪಾಯಿತು. ಗಾಯಕ್ಕೆ ಪೂಜೆ ಮಾಡಿ ಗಾಯವನ್ನೇ ಬೆಳೆಸಿದೆನಲ್ಲ ಎಂದು ಅವನಿಗೆ ನಿಂತಲ್ಲೇ ನಾಚಿಕೆಯಾಯಿತು, ಅಳು ಬಂತು. ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಆದ್ರ ಎಡಕ್ಕ ಯಾಕ?" ಡಾಕ್ಟರು ತನಗೆ ತಾನೇ ಕೇಳಿಕೊಂಡಳು. ಜೀನು ಬೋರಲು ಹಾಕಿ ನೋಡಿದಳು, ರಿಕಾಪಿನ ಪಟ್ಟಿಗಳನ್ನು ಜೋಡಿಸಿ ಹಿಡಿದಳು. ಎಡದ ಪಟ್ಟಿ ಬಲದ್ದಕ್ಕಿಂತ ಎರಡು ಬೆರಳು ಉದ್ದವಾಗಿತ್ತು. "ಇಷ್ಟ ಎಳದದ್ದು ಬರೇ ಹತ್ತೂವಾಗಿಂದಲ್ಲ. ಕಾಕಾ, ನೀವು ಹೆಂಗ ನಡಸತೀರಿ ತೋರಸ್ರಿ. ಈಕಿ ಮ್ಯಾಲ ಬ್ಯಾಡ, ಈಕಿ ಸಾಕಾಗ್ಯಾಳ. ಬ್ಯಾರೇ ಕುದುರಿ ಕೊಡ್ರಿ ಯಾರರೆ."

ಯೂಸುಫ್ ತನ್ನ ಕರಿಯ ಗಂಡುಕುದುರೆಯನ್ನು ತಂದ. ಡಾಕ್ಟರು ಕುದುರೆ ವೈದ್ಯೆಯೇ ಹೊರತು ಸವಾರಿ ಬಲ್ಲವಳಲ್ಲ; ಹತ್ತಿ ಕೂತವಳ ಮುಖ ಬಿಳಿಚಿತು. ಧೊಂಡೂ ಅಭ್ಯಾಸಬಲದಿಂದ ಅವಳ ಕೈಯೆತ್ತಿ ಹೆಗಲ ಮೇಲೆ ಇಟ್ಟುಕೊಂಡ. "ಅಂಜಬ್ಯಾಡವ್ವಾ, ನಾ ಅದೀನಿ." ಐವತ್ತು ಹೆಜ್ಜೆ ನಡೆದ. ಹಿಂದಿನಿಂದ ಯೂಸುಫ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಏ ಧೊಂಡ್ಯಾ! ಡಾಕ್ಟರಬಾಯಿ ನಿನ್ನ ತೊಡೀಮ್ಯಾಗ ಬೀಳೂದೊಂದ ಬಾಕಿ! ಜೀನ ನೋಡೋ, ಎಡಕ್ಕ ಜೋತ ಬಿದ್ದೈತಿ!"

ಡಾಕ್ಟರು ತನ್ನನ್ನೇ ನೋಡಿಕೊಂಡಳು. ಪೂರ್ತಿ ಮೈ ಎಡಕ್ಕೆ ವಾಲಿತ್ತು, ಎಡಗಾಲು ರಿಕಾಪಿನ ಮೇಲೆ ಊರಿ ನಿಂತಿತ್ತು. ಅವಳಿಗೂ ನಗು ಬಂತು. "ಇದ ನೋಡ್ರಿ ಕಾಕಾ. ನೀವಿರೋ ಬಾಜೂಕ ಜೀವಾ ತಾನ ವಾಲತೈತಿ. ನಿಮ್ಮ ದನಿ ಹಂಗೈತಿ. ಇಷ್ಟ ವರ್ಷ ಎಲ್ಲಾರೂ ಹಿಂಗ ವಾಲ್ಯಾರ. ಅದೆಲ್ಲಾ ನಿಮ್ಮ ಕುದುರಿ ಎಡಬೆನ್ನಿನ ಮ್ಯಾಲ ಬಿದ್ದೈತಿ."

ಆಮೇಲೆ ಅವಳು ಮಾಡಬೇಕಾದ್ದೆಲ್ಲ ಹೇಳಿದಳು. ಮೂರು ವಾರ ಜೀನಿಲ್ಲ. ಎರಡು ಕಂಬಳಿ ಬೇಡ. ಬಿಗಿ ಬೂಟಿನೊಳಗೆ ಇನ್ನೊಂದು ಕಾಲುಚೀಲ ತುರುಕಿದರೆ ನೋವು ಹೆಚ್ಚೇ ಹೊರತು ಕಡಿಮೆಯಲ್ಲ. ಗಾದಿಯಲ್ಲಿ ಮಚ್ಚೆಯ ಜಾಗಕ್ಕೆ ಒಂದು ಕಿಟಕಿ ಕತ್ತರಿಸಿ ಬಿಡುವುದು. ರಿಕಾಪಿನ ಪಟ್ಟಿ ಸಮ ಮಾಡುವುದು. ಜನ ಕಲ್ಲಿನ ಕಟ್ಟೆಯ ಮೇಲೆ ನಿಂತು ಹತ್ತಲಿ, ರಿಕಾಪಿಗೆ ಜೋತುಬಿದ್ದಲ್ಲ. "ಇನ್ನ ಕಡೀ ಮಾತು. ಹೆಗಲ ಕೊಡೂದ ಬಿಡ್ರಿ. ಹೋಗೂವಾಗ ಎಡಕ್ಕ ನಡದ್ರ, ಬರೂವಾಗ ಬಲಕ್ಕ ನಡೀರಿ. ಈ ಮೂರು ವಾರ ಆದ ಮ್ಯಾಲ ಒಂದ ತಿಂಗಳ ಬರೇ ಬಲಕ್ಕ. ಅಷ್ಟ ಒಪ್ಪಿದ್ರ ನಾ ಕಾಗದಕ್ಕ ಸಹಿ ಹಾಕತೀನಿ."

"ಬಲಕ್ಕ ಆಗಂಗಿಲ್ಲ," ಎಂದ ಧೊಂಡೂ.

"ಯಾಕ?"

"ನಮ್ಮಲ್ಲಿ ಪದ್ಧತಿ ಇಲ್ಲ."

"ಸುಳ್ಳ ಹೇಳಬ್ಯಾಡಲೇ," ಎಂದ ನಾರೂದಾದಾ. "ನಾವೆಲ್ಲಾ ನಡ್ಯಾಂಗಿಲ್ಲೇನು? ಧೊಂಡೂ, ಹಟಾ ಮಾಡಬ್ಯಾಡ. ನಾಳೆ ಮುಂಜಾನಿ ತನಕ ಹೇಳು. ಇಲ್ಲಂದ್ರ ಕುದುರಿ ಕೆಳಗ."

ಧೊಂಡೂ ಶೇವಂತೆಯ ಹಗ್ಗ ಹಿಡಿದು ಮನೆಗೆ ನಡೆದ. ದಾರಿಯುದ್ದಕ್ಕೂ ಅವಳ ಉಸಿರು ಬಲಗಿವಿಗೆ ಬೀಳುತ್ತಿತ್ತು. ಏರಿನಲ್ಲಿ ಅವಳು ಪುರ್ರ್ ಎನ್ನುವುದು, ಮಂಗ ಕಂಡರೆ ಉಸಿರು ಹಿಡಿಯುವುದು, ಮನೆ ಹತ್ತಿರ ಬಂದಾಗ ಗಂಟಲಿನಲ್ಲೇ ಗುನುಗುವುದು. ಇಷ್ಟು ವರ್ಷ ಅವನು ಕೇಳಿದ್ದು ಇದೇ. ಬಲಕ್ಕೆ ನಡೆದರೆ ಇದೊಂದೂ ಇಲ್ಲ. ಮೇಲೆ ಕೂತವರು ಕೂಗಿದರೂ ಕೇಳುವುದಿಲ್ಲ, ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ, ಬಿಲ್ಲೆ ಹೋಗುತ್ತದೆ. ಎಡಕ್ಕೇ ನಡೆದರೆ ಶೇವಂತೆ ಹೋಗುತ್ತಾಳೆ.

ಸಂಜೆ ಜಗಲಿಯ ಮೇಲೆ ಅವನು ಸುಮ್ಮನೆ ಕೂತಿದ್ದ. ಠಕುಬಾಯಿ ಬಂದು ಎಡಗಡೆ ನಿಂತು, "ಭಾಕರಿ ಆರಾಕ್ಹತ್ತೇತಿ," ಎಂದಳು. ಅವನು ಅಲ್ಲಾಡಲಿಲ್ಲ. ಅವಳು ಬಳಸಿಕೊಂಡು ಬಲಗಡೆ ಬಂದು ಕೂತು, "ಭಾಕರಿ ಆರಾಕ್ಹತ್ತೇತಿ ಅಂದೆ," ಎಂದಳು.

"ಕೇಳಿಸ್ತು."

"ಎರಡನೇ ಸಲಕ್ಕ ಕೇಳಿಸ್ತು."

ಧೊಂಡೂ ತಿರುಗಿ ನೋಡಿದ. ಅವಳು ಅಂಗಳದಲ್ಲಿ ಹುಲ್ಲು ಜಗಿಯುತ್ತಿದ್ದ ಶೇವಂತೆಯನ್ನು ನೋಡುತ್ತ ಕೂತಿದ್ದಳು.

"ನಿನಗ ಗೊತ್ತೈತೆ?" ಎಂದು ಕೇಳಿದ.

"ಮದುವಿ ಆದ ವರ್ಷದಿಂದ ಗೊತ್ತೈತಿ. ಆಗ ನಾ ಗ್ವಾಡಿ ಬಾಜೂಕ ಮಲಗತಿದ್ದೆ, ನಿಮ್ಮ ಎಡಕ್ಕ. ಒಂದಿನ ನಿಮಗೊಂದ ಮಾತ ಹೇಳಿದೆ. ಹೇಳಾಕ ಎಂಟ ದಿನ ಧೈರ್ಯಾ ಮಾಡಿದ್ದೆ. ನೀವು ಹೂಂ ಅನಲಿಲ್ಲ, ಹಾಂ ಅನಲಿಲ್ಲ. ಕಣ್ಣ ತೆರಕೊಂಡ ಮ್ಯಾಲ ನೋಡತಿದ್ರಿ. ನಾಕ ದಿನ ಸಿಟ್ಟ ಮಾಡಿದೆ, ತೌರಿಗೆ ಹೋಗತೀನಿ ಅಂತ ಗಂಟೂ ಕಟ್ಟಿದೆ. ಆಮ್ಯಾಲ ಹಾಲಿನ ಭಾಂಡೆ ನಿಮ್ಮ ಎಡಕ್ಕ ಬಿದ್ದ ಸಪ್ಪಳಾದ್ರೂ ನೀವು ತಿರುಗಲಿಲ್ಲ. ಅವತ್ತ ಗಂಟ ಬಿಚ್ಚಿದೆ."

"ಗ್ವಾಡಿಗೆ ಥಂಡಿ ಹೊಡೀತೈತಿ ಅಂತ ಬಲಕ್ಕ ಬಂದಿ ನೀ..."

"ಮೂವತ್ತಮೂರು ವರ್ಷ ಥಂಡಿ ಹೊಡೀತೈತೇನ್ರಿ ಗ್ವಾಡಿಗೆ? ಬ್ಯಾಸಗ್ಯಾಗೂ?" ಎಂದು ನಕ್ಕಳು ಠಕುಬಾಯಿ. ನಗುವಾಗ ಕಣ್ಣಿನಲ್ಲಿ ನೀರಿತ್ತು. "ನೀವು ಮುಚ್ಚಿಟ್ರಿ, ನಾನೂ ಮುಚ್ಚಿಟ್ಟೆ. ಬಾಜೂ ಬದಲ ಮಾಡೂದ ಏನ್ ದೊಡ್ಡ ಮಾತ? ನಾ ಮಾಡಲಿಲ್ಲೇನು?"

"ಯಾವ ಮಾತ ಅದು, ನೀ ಹೇಳಿದ್ದು?"

"ಈಗ್ಯಾಕ ಅದು? ಏಳ್ರಿ, ಉಣ್ಣ ಬರ್ರಿ."

ಮರುದಿನ ಬೆಳಗ್ಗೆ ದಸ್ತೂರಿಯಲ್ಲಿ ಕುದುರೆಯವರೆಲ್ಲ ಚಹಾದ ಲೋಟ ಹಿಡಿದು ಸೇರಿದ್ದಾಗ ಧೊಂಡೂ ಬಂದು ನಾರೂದಾದಾನ ಮುಂದೆ ನಿಂತ. ಈ ಸಲ ಬಲಗೆನ್ನೆ ತಿರುಗಿಸಲಿಲ್ಲ. ಕೊರಳಿನ ಬಿಲ್ಲೆ ತೆಗೆದು ಮೇಜಿನ ಮೇಲೆ ಇಟ್ಟ.

"ದಾದಾ, ನನಗ ಎಡಗಿವಿ ಕೇಳಂಗಿಲ್ಲ. ಸಣ್ಣಂವಿದ್ದಾಗಿಂದ. ಅದಕ್ಕ ಎಡಕ್ಕ ನಡೀತಿದ್ದೆ. ಇನ್ನ ಮುಂದ ಬಲಕ್ಕ ನಡೀತೀನಿ. ಶೇವಂತಾನ್ನ ಕಳಸಬ್ಯಾಡ್ರಿ. ಬಿಲ್ಲೆ ಬೇಕಾದ್ರ ನೀವ ಇಟಗೋರ್ರಿ, ಆಕೀನ್ನ ನನ್ನ ಮನ್ಯಾಗ ಇಟಗೋತೀನಿ."

ಯೂಸುಫ್ ಲೋಟ ಕೆಳಗಿಟ್ಟ.

"ಅಂದ್ರ," ಎಂದ, "ನಲವತ್ತ ವರ್ಷ ನಾ ನಿನ್ನ ಎಡಕ್ಕ ನಿಂತ ಬೈದದ್ದೆಲ್ಲಾ ದಂಡ ಆತೇನೋ? ಎಂಥೆಂಥಾ ಬೈಗಳಾ ಹಚ್ಚಿದ್ನೆಪ್ಪಾ! ಮೊದಲ ಹೇಳಬಾರದೇನೋ ಮಗನ!" ಬಯಲೆಲ್ಲ ನಕ್ಕಿತು. ಧೊಂಡೂನೂ ನಕ್ಕ. ಯೂಸುಫ್ ಮಾತ್ರ ನಗದೆ, ಎದ್ದು ಬಂದು ಗೆಳೆಯನ ಬಲಗಡೆ ನಿಂತ.

ನಾರೂದಾದಾ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸಿದ. ದೊಡ್ಡ ಮನಸ್ಸಿನವನು, ಆದರೆ ಕಾಯಿದೆಯ ಮನುಷ್ಯ. "ಬಿಲ್ಲೆ ತಗೋ. ಆದ್ರ ಪ್ಯಾಟಿ ರಸ್ತಾಕ ನೀ ಬರಂಗಿಲ್ಲ ಧೊಂಡೂ. ಅಲ್ಲಿ ಕೈಗಾಡಿ, ಕುದುರಿ, ಮಂದಿ. 'ಬಾಜೂ' ಅಂದದ್ದು ಕೇಳದಿದ್ರ ಅನಾಹುತಾ ಆದೀತು. ಒಳದಾರಿ ಅಷ್ಟ ನಿಂದು, ಗುಡ್ಡದ ತುದೀಗೆ ಹೋಗಿ ಬರೂದು." ಪೇಟೆಯ ರಸ್ತೆ ಎಂದರೆ ಅರ್ಧ ಗಿರಾಕಿ. ಧೊಂಡೂ ಬಿಲ್ಲೆ ಕೊರಳಿಗೆ ಹಾಕಿಕೊಂಡು, ಆಗಲಿ ಎಂದ.

ದೀಪಾವಳಿಯ ಜನ ಬಂದು ಹೋದರು. ಉಳಿದವರ ಕುದುರೆಗಳು ದಿನಕ್ಕೆ ಆರು ಸಲ ಹತ್ತಿಳಿಯುತ್ತಿದ್ದಾಗ ಶೇವಂತೆ ಬರಿಬೆನ್ನಿನಲ್ಲಿ ಹುಲ್ಲು ಮೇದಳು. ಬೆಳಗ್ಗೆ ಉಪ್ಪುನೀರಿನ ಬಟ್ಟೆ. ಆಮೇಲೆ ಬೆಲ್ಲದ ಚೂರು ಹಿಡಿದು ಅವಳ ಸೊಂಟದ ಹತ್ತಿರ ನಿಲ್ಲುವುದು. ಅವಳು ಕುತ್ತಿಗೆ ಬಳಸಿ ಬೆನ್ನು ಹಿಗ್ಗಿಸಿ ತಿನ್ನಬೇಕು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಮೊದಲ ವಾರ ಒಂದು ಕಡೆ ಅರ್ಧಕ್ಕೇ ನಿಲ್ಲುತ್ತಿದ್ದಳು. ಮೂರನೆಯ ವಾರ ಬೆಲ್ಲದ ಜೊತೆ ಧೊಂಡೂನ ಜೇಬಿಗೂ ಬಾಯಿ ಹಾಕಿದಳು. ಠಕುಬಾಯಿ ಹೊಸ ಗಾದಿ ಹೊಲಿದಳು, ಎಡಬಲ ತೂಗಿ ಸಮ ತುಂಬಿದಳು, ಮಚ್ಚೆಯ ಜಾಗದಲ್ಲಿ ಅಂಗೈಯಗಲ ಕಿಟಕಿ ಬಿಟ್ಟಳು. ರವಿವಾರ ಬಂದಾಗ ಧೊಂಡೂ ಭಂಡಾರದ ಬಟ್ಟಲು ಹಿಡಿದು ಹಿಂದೆಮುಂದೆ ನೋಡಿದ. ಆಮೇಲೆ ಅರಿಶಿನವನ್ನು ಶೇವಂತೆಯ ಹಣೆಗೆ ಹಚ್ಚಿದ. ಮಚ್ಚೆಗೆ ಬರೀ ಅಂಗೈ ಇಟ್ಟು, "ತಪ್ಪಾತವ್ವಾ," ಎಂದ.

ಡಾಕ್ಟರು ಬಂದು ಒತ್ತಿ ನೋಡಿ ಸಹಿ ಹಾಕಿದ ಮೇಲೆ ಸಿಕ್ಕ ಮೊದಲ ಸವಾರಿ ಸಾತಾರೆಯ ಒಬ್ಬ ನಿವೃತ್ತ ಶಿಕ್ಷಕಿ. ಕಟ್ಟೆಯ ಮೇಲೆ ನಿಂತು ಹತ್ತಿದಳು. ಧೊಂಡೂ ಅವಳ ಎರಡೂ ಕೈಗಳನ್ನು ಜೀನಿನ ಮುಂದಿನ ಹಿಡಿಗೆ ಹಚ್ಚಿ, "ನಡು ನೆಟ್ಟಗ ಕುಂಡ್ರಿ ಅಕ್ಕಾರ. ನನಗ ಈ ಕಡೆ ಕಿವಿ ಕೇಳಂಗಿಲ್ಲ, ಏನರೆ ಬೇಕಾದ್ರ ನನ್ನ ರುಮಾಲ ಮುಟ್ಟ್ರಿ," ಎಂದ. ಮೊದಲ ಬಾರಿಗೆ ಒಬ್ಬ ಅಪರಿಚಿತೆಯ ಮುಂದೆ ಹಾಗೆ ಅಂದ. ಅವಳು ತನಗೂ ಮೊಣಕಾಲು ನೋವಿದೆ ಎಂದಳು. ಅದು ಅವನಿಗೆ ಕೇಳಲಿಲ್ಲ.

ಬಲಕ್ಕೆ ನಡೆದ. ಇಷ್ಟು ವರ್ಷ ನಡೆದ ದಾರಿ ಬೇರೆ ಊರಿನದಾಯಿತು. ಬಲಗಿವಿಗೆ ಕಾಡು, ಹಕ್ಕಿ, ಗಾಳಿ. ಎಡಕ್ಕೆ ಏನೂ ಇಲ್ಲ. ಶೇವಂತೆ ಇದ್ದಾಳೋ ಇಲ್ಲವೋ ಎಂದು ಎರಡೆರಡು ಸಲ ತಿರುಗಿ ನೋಡಿದ. ಅವಳ ಉಸಿರು ಕೇಳದ ಆ ದಾರಿ ಅವನಿಗೆ ಬಹಳ ಉದ್ದವಾಯಿತು. ಮೊದಲ ತಿರುವಿನಲ್ಲಿ ಶೇವಂತೆ ತಾನಾಗಿ ನಿಂತಳು. ಎಡಕ್ಕೆ ತಲೆ ತಿರುಗಿಸಿ ಅವನನ್ನು ಹುಡುಕಿದಳು. ಅಲ್ಲಿಲ್ಲ. ಬಲಕ್ಕೆ ತಿರುಗಿಸಿ ನೋಡಿ, ಮೂತಿಯನ್ನು ಅವನ ಎದೆಗೆ ಒತ್ತಿದಳು. ಬಿಸಿ ಉಸಿರು ಅಂಗಿಯೊಳಗೆ ನುಗ್ಗಿತು. ಆಮೇಲೆ ಅವನು ಎಡಗೈಯನ್ನು ಅವಳ ಕುತ್ತಿಗೆಯ ಮೇಲೆ ಇಟ್ಟುಕೊಂಡೇ ನಡೆದ. ಅವಳು ಗುನುಗಿದರೆ ಅಂಗೈಗೆ ತಿಳಿಯುತ್ತಿತ್ತು.

ಸಂಜೆ ಮನೆಯ ಅಂಗಳದಲ್ಲಿ ಹೊಟ್ಟೆಪಟ್ಟಿ ಸಡಿಲಿಸಿ, ಬೆನ್ನು ತಣಿಯಲು ಸ್ವಲ್ಪ ಹೊತ್ತು ಬಿಟ್ಟು, ಜೀನು ಇಳಿಸಿದ. ಬೆನ್ನು ಪೂರ್ತಿ ಹಸಿಯಾಗಿತ್ತು. ಎಡಕ್ಕೂ ಹಸಿ, ಬಲಕ್ಕೂ ಹಸಿ. ಬಿಳಿ ಮಚ್ಚೆಯ ಕೂದಲು ಬೆವರಿನಲ್ಲಿ ನೆನೆದು ಮೈಗೆ ಅಂಟಿಕೊಂಡಿತ್ತು. ಅಲ್ಲಿ ಹೆಬ್ಬೆರಳು ಒತ್ತಿದ. ಶೇವಂತೆ ಹುಲ್ಲಿನಿಂದ ತಲೆಯನ್ನೇ ಎತ್ತಲಿಲ್ಲ.

"ಠಕೂ! ಇಲ್ಲಿ ಬಾ, ನೋಡ ಬಾ!"

ಠಕುಬಾಯಿ ಬಂದು ಸೆರಗಿನಿಂದ ಆ ಬೆವರು ಒರೆಸಿ ನೋಡಿದಳು. ಇಬ್ಬರೂ ಕುದುರೆಯ ಎರಡು ಬದಿಗೆ ನಿಂತು ಹುಲ್ಲಿನ ಸಿವುಡಿನಿಂದ ಮೈ ತಿಕ್ಕತೊಡಗಿದರು.

"ಈಗರೆ ಹೇಳು," ಎಂದ ಧೊಂಡೂ. "ಆಗ ಏನ್ ಅಂದಿದ್ದಿ?"

ಅವಳು ತಿಕ್ಕುವುದನ್ನು ನಿಲ್ಲಿಸಿದಳು. ಕುದುರೆಯನ್ನು ಬಳಸಿಕೊಂಡು ಬಂದು, ಅವನ ಬಲಕ್ಕೆ ನಿಂತು, ಹೊಸ ಮದುವಣಗಿತ್ತಿಯ ಹಾಗೆ ನೆಲ ನೋಡಿದಳು.

"ನನಗ ಈ ಗುಡ್ಡಾ, ಈ ಕಾಡಾ ಭಾಳ ಅಂಜಿಕಿ ಬರತಿತ್ತು. ನಿಮ್ಮ ಬಾಜೂಕಿದ್ರ ಅಂಜಿಕಿ ಆಗಂಗಿಲ್ಲ ಅಂದಿದ್ದೆ."

ಧೊಂಡೂ ಹೂಂ ಎಂದ.